ಕ್ಯಾಪ್ಟನ್ನಿಗೊಂದು ಅಂಗಿ

ನನ್ನ ತಮ್ಮ ಕನ್ನಡಿಯ ಮುಂದೆ ನಿಂತಾಗಲೂ ಸ್ವಲ್ಪ ಪಕ್ಕಕ್ಕೆ ಸರಿದೇ ನಿಲ್ಲುತ್ತಾನೆ. ಹಿಂದೆ ಯಾರಾದರೂ ಮುಖ ನೋಡಿಕೊಳ್ಳುವವರಿದ್ದರೆ ಅಡ್ಡ ಬರಬಾರದಲ್ಲ! ಫೋನಿಗೆ ರಾಂಗ್ ನಂಬರ್ ಬಂದರೆ, ಅವರು ಹುಡುಕುತ್ತಿರುವ ಮನುಷ್ಯ ತಾನಲ್ಲದ್ದಕ್ಕೆ ಎರಡೆರಡು ಸಲ ಕ್ಷಮೆ ಕೇಳುತ್ತಾನೆ. ಇಂಥವನ ಜೊತೆ ಒಂದೇ ಸೂರಿನಡಿ ಮೂವತ್ತೆರಡು ವರ್ಷ ಕಳೆದಿದ್ದೇನೆ. ನನಗೆ ಕೋಪ ಜಾಸ್ತಿ ಎನ್ನುವವರು ಒಂದು ವಾರ ಇವನ ಜೊತೆ ಇದ್ದು ನೋಡಲಿ.

ಮನೆಯಲ್ಲಿ ನಾವಿಬ್ಬರೇ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಅಂಗಡಿ, ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ, ನಡುವೆ ಒಂದು ಪರದೆ. ಅವನಿಗೆ ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಕೆಲಸ. ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು. ಕೆಲಸ ಬಲು ಅಚ್ಚುಕಟ್ಟು. ಆದರೆ ಗಿರಾಕಿ ಯಾರಾದರೂ ಹೊಗಳಲು ಬಂದರೆ ಮೇಜಿನ ಕೆಳಗೆ ಬಿದ್ದ ಸ್ಕ್ರೂ ಹುಡುಕುವ ನೆಪದಲ್ಲಿ ಬಗ್ಗಿಬಿಡುತ್ತಾನೆ. ಬೀದಿಯವರೆಲ್ಲ ಅವನನ್ನು ಕಡ್ಡಿ ಎನ್ನುತ್ತಾರೆ. ಮೊದಲು ಹಾಗೆ ಕರೆದವಳು ನಾನೇ, ಅದು ಬೇರೆ ಮಾತು.

ಇಂಥ ಕಡ್ಡಿ ಒಂದು ಕಾದಂಬರಿ ಬರೆಯಲು ಕೂತ. ಅದರ ನಾಯಕ ಹಡಗಿನ ಕ್ಯಾಪ್ಟನ್. ಇವನು ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಬಿಟ್ಟು ಬೇರೆಲ್ಲೂ ಕಂಡವನಲ್ಲ. ಒಂದು ದಿನ ನಾನು ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಲಂಗದ ಅಂಚು ಮಡಚುತ್ತಿದ್ದಾಗ ಬಂದು, "ಅಕ್ಕ, ಒಳ್ಳೇ ಗಂಡಸಿನ ಎದೆ ಅಳತೆ ಎಷ್ಟಿರುತ್ತೆ?" ಎಂದು ಕೇಳಿದ. ಸೂಜಿಗಳ ಸಂದಿಯಿಂದಲೇ ನಲವತ್ತು ಎಂದೆ. ಪುಣ್ಯಾತ್ಮ ಅದನ್ನು ನಲವತ್ತೆಂಟು ಮಾಡಿ ಬರೆದುಕೊಂಡ.

ಅವನಿಲ್ಲದಾಗ ನಾನು ಕದ್ದು ಓದಿದೆ. ಓದದೆ ಇರುವುದಕ್ಕೆ ನಾನೇನು ಕಲ್ಲೇ? ಕ್ಯಾಪ್ಟನ್ ಕೋಣೆಗೆ ಕಾಲಿಟ್ಟರೆ ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ಎರಡು ಮಾತಾಡಿದರೆ ಹೆಂಗಸರ ಕೈಯಿಂದ ತಟ್ಟೆ ಜಾರುತ್ತದೆ. ಆದರೆ ಚಹಾವನ್ನು ತಟ್ಟೆಗೆ ಬಗ್ಗಿಸಿಯೇ ಕುಡಿಯುತ್ತಾನೆ, ಸೀನಿದರೆ ಸರಿಯಾಗಿ ಮೂರು ಸಲ ಸೀನುತ್ತಾನೆ, ಎಡಗಿವಿಯ ಕೆಳಗೆ ಒಂದು ಮಚ್ಚೆ ಬೇರೆ. ಇದೆಲ್ಲ ನಮ್ಮ ಕಡ್ಡಿಯದೇ! ಮುದುರಿದ ಬಟ್ಟೆಗೆ ಇಸ್ತ್ರಿ ಹಾಕಿ ನೇತುಹಾಕುವ ಹಾಗೆ ಇವನು ತನ್ನನ್ನೇ ನೆಟ್ಟಗೆ ಮಾಡಿ ಹಡಗಿನಲ್ಲಿ ನಿಲ್ಲಿಸಿದ್ದ. ಓದುತ್ತ ಓದುತ್ತ ನಗು ಬಂತು, ಆಮೇಲೆ ಹಾಳೆಗಳನ್ನು ಇದ್ದ ಹಾಗೇ ಜೋಡಿಸಿಟ್ಟೆ.

ಬರೆದದ್ದನ್ನು ಟೈಪ್ ಮಾಡಿಸಲು ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಹೋಗುತ್ತಿದ್ದ. ಟೈಪಿಂಗು, ಜೆರಾಕ್ಸು ಎರಡನ್ನೂ ಒಬ್ಬಳೇ ಹೆಂಗಸು ನೋಡಿಕೊಳ್ಳುತ್ತಾಳೆ. ಅವಳ ಕನ್ನಡಕ ಮೂಗಿನಿಂದ ಜಾರುತ್ತಿದ್ದುದನ್ನು ಇವನೇ ಸರಿಮಾಡಿಕೊಟ್ಟಿದ್ದನಂತೆ. ಅದಾದ ಮೇಲೆ ಪ್ರತಿ ಗುರುವಾರ, ಅಂದರೆ ಇವನ ರಜೆಯ ದಿನ, ಹತ್ತು ಹಾಳೆ ಹಿಡಿದುಕೊಂಡು ಹಾಜರು. ಇವನ ಅಕ್ಷರವೋ ಕಾಗೆ ಕಾಲು ಗುಬ್ಬಿ ಕಾಲು. ಪಕ್ಕದಲ್ಲಿ ನಿಂತು ಓದಿಹೇಳಲೇಬೇಕು. ನಾಲ್ಕು ತಿಂಗಳಾದರೂ ಹಡಗು ದಡ ಸೇರಲಿಲ್ಲ. ಐದನೇ ಅಧ್ಯಾಯದ ಹೊತ್ತಿಗೆ ಹಡಗಿನೊಳಗೇ ಒಂದು ಟೈಪಿಂಗ್ ಆಫೀಸು ತೆರೆದು, ಅದರಲ್ಲಿ ಕನ್ನಡಕ ಜಾರುವ ಚೆಲುವೆಯೊಬ್ಬಳು ಬಂದು ಕೂತಳು. ಕಾದಂಬರಿಗಾಗಿ ಟೈಪಿಂಗೋ, ಟೈಪಿಂಗಿಗಾಗಿ ಕಾದಂಬರಿಯೋ ಎಂದು ಆಗ ನನಗೆ ಗೊತ್ತಾಯಿತು.

ಒಂದು ಗುರುವಾರ ಚಪ್ಪಲಿಯನ್ನೂ ಬಿಡದೆ ಬಂದು ಗೋಡೆಗೊರಗಿ ಕೂತ.

"ಏನಾಯ್ತೋ?" ಎಂದೆ.

"ಈ ಕ್ಯಾಪ್ಟನ್ ನಿಜವಾಗ್ಲೂ ಎಲ್ಲಾದ್ರೂ ಇದಾರಾ ಅಂತ ಅವರು ಕೇಳಿದ್ರು ಅಕ್ಕ."

"ನೀನೇನಂದೆ?"

"ಇದಾರೆ ಅಂದೆ."

"ನಾನೇ ಅದು ಅನ್ನಬಾರದಿತ್ತಾ, ಬೆಪ್ಪೇ!"

"ಈ ಮುಖ ಇಟ್ಕೊಂಡಾ? ನನ್ನ ಸ್ನೇಹಿತ, ಈಗ ಊರಲ್ಲಿಲ್ಲ, ಹಡಗಲ್ಲಿದಾನೆ ಅಂದುಬಿಟ್ಟೆ. ಅವರ ಮುಖ ಅರಳಿಬಿಡ್ತು ಅಕ್ಕ. ಮುಗೀತು ನನ್ನ ಕಥೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಪ್ರತಿ ಗುರುವಾರ ಅವಳು ಕ್ಯಾಪ್ಟನ್ನಿನ ಕ್ಷೇಮಸಮಾಚಾರ ಕೇಳುವುದು, ಇವನು ಹೇಳುವುದು. ಕ್ಯಾಪ್ಟನ್ನಿಗೆ ಏನು ಇಷ್ಟ? ಹಾಡು ಬರುತ್ತದೆಯೇ? ಮದುವೆಯಾಗಿದೆಯೇ? ಇವನು ಒಂದೊಂದು ಉತ್ತರವನ್ನೂ ಅವಳಿಗೆ ಹಿಡಿಸುವ ಹಾಗೆ ಕೊಟ್ಟು, ಮನೆಗೆ ಬಂದು ಕಣ್ಣಲ್ಲಿ ನೀರು ತುಂಬಿಕೊಂಡು ಕೂರುತ್ತಿದ್ದ. ತಾನೇ ಹುಟ್ಟಿಸಿದ ಮನುಷ್ಯನ ಮೇಲೆ ಹೊಟ್ಟೆಕಿಚ್ಚುಪಟ್ಟವನನ್ನು ನಾನು ನೋಡಿದ್ದು ಇವನೊಬ್ಬನನ್ನೇ.

ಕೊನೆಗೆ ಸೇಡಿಗೆ ಇಳಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೊದಲ ವಾರ ಕ್ಯಾಪ್ಟನ್ನಿಗೆ ಕೆಮ್ಮು ಬಂತು. ಮರುವಾರ ಕೂದಲು ಉದುರಿತು. ಅದರ ಮರುವಾರ ಹಲ್ಲುನೋವು. ಬಿರುಗಾಳಿಯ ಹೊತ್ತಿನಲ್ಲಿ ಹಡಗು ನಡೆಸುವುದು ಬಿಟ್ಟು ಕೆನ್ನೆ ಹಿಡಿದುಕೊಂಡು ಒಂಬತ್ತು ಪುಟ ನರಳಿದ. ಇನ್ನಾದರೂ ಅವಳಿಗೆ ಬೇಸರ ಬರಬಹುದು ಎಂದು ಇವನ ಲೆಕ್ಕ. ಅವಳೋ, "ಪಾಪ, ಈಗ ಹೇಗಿದಾರೆ? ಬಿಸಿನೀರಲ್ಲಿ ಬಾಯಿ ಮುಕ್ಕಳಿಸೋಕೆ ಹೇಳಿ," ಎಂದಳಂತೆ.

"ನೀನೇನಂದೆ?" ಎಂದು ಕೇಳಿದೆ, ಕತ್ತರಿ ಕೆಳಗಿಟ್ಟು.

"ನಿಮಗೆ ನಮಸ್ಕಾರ ಹೇಳಿದಾರೆ ಅಂದೆ. ಪಾಪ, ಅಷ್ಟು ವಿಚಾರಿಸಿಕೊಂಡ್ರಲ್ಲ ಅಕ್ಕ!"

ನಾನು ಹಣೆ ಹಣೆ ಚಚ್ಚಿಕೊಂಡೆ.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಅವಳೇ ನನ್ನ ಅಂಗಡಿಗೆ ಬಂದಳು. ತಮ್ಮ ಊಟಕ್ಕೆ ಬಂದಿದ್ದ. ಪರದೆಯ ಹಿಂದೆ ತಟ್ಟೆಯ ಮುಂದೆ ಕೂತಿದ್ದ. ಅವಳು ನೀಲಿ ಬಟ್ಟೆಯ ತುಂಡೊಂದನ್ನು ಮೇಜಿನ ಮೇಲಿಟ್ಟು, ಗಟ್ಟಿದನಿಯಲ್ಲಿ, "ಅಕ್ಕ, ಕ್ಯಾಪ್ಟನ್‌ಗೆ ಒಂದು ಶರ್ಟು ಹೊಲಿಸ್ಬೇಕು," ಎಂದಳು. ಒಳಗೆ ತಟ್ಟೆ ಸದ್ದಾಯಿತು. ಆಮೇಲೆ ಹಿತ್ತಲ ಬಾಗಿಲು ಕಿರ್ ಎಂದಿತು. ಬಾಯಲ್ಲಿದ್ದ ತುತ್ತನ್ನೂ ನುಂಗದೆ ನನ್ನ ತಮ್ಮ ಓಡಿಹೋಗಿದ್ದ.

"ಅಳತೆ?" ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

ಅವಳು ಟೈಪ್ ಮಾಡಿದ ಹಾಳೆಯೊಂದನ್ನು ಮುಂದೆ ಹಿಡಿದಳು. ಅದರಲ್ಲಿ ಹಡಗಿನ ಟೈಲರು ಕ್ಯಾಪ್ಟನ್ನಿನ ಅಳತೆ ತೆಗೆಯುವ ಸನ್ನಿವೇಶ. ಎದೆ ನಲವತ್ತೆಂಟು, ಸೊಂಟ ಇಪ್ಪತ್ತಾರು, ತೋಳು ಮೂವತ್ತೆಂಟು. ಇಪ್ಪತ್ತೆರಡು ವರ್ಷದಲ್ಲಿ ಎಂತೆಂಥ ದೇಹಕ್ಕೋ ಹೊಲಿದಿದ್ದೇನೆ, ಇಂಥದ್ದನ್ನು ಕಂಡಿರಲಿಲ್ಲ. ತೋಳು ಮೂವತ್ತೆಂಟಾದರೆ ಆ ಮಹಾನುಭಾವ ಬಗ್ಗದೆ ನಿಂತಲ್ಲೇ ಚಪ್ಪಲಿಯ ಪಟ್ಟಿ ಕಟ್ಟಿಕೊಳ್ಳಬಹುದು! ನಾನು ನಕ್ಕೆ. ಅವಳೂ ನಕ್ಕಳು. ಇಬ್ಬರೂ ಮೇಜು ಹಿಡಿದುಕೊಂಡು ನಕ್ಕೆವು.

"ಇದು ಬೇಡ ಅಕ್ಕ. ನಾನು ಹೇಳ್ತೀನಿ, ಬರ್ಕೊಳ್ಳಿ," ಎಂದು ಅವಳು ಕಣ್ಣೊರೆಸಿಕೊಂಡಳು. "ಎದೆ ಮೂವತ್ತನಾಲ್ಕೂವರೆ. ತೋಳು ಇಪ್ಪತ್ಮೂರು. ಎಡಭುಜ ಬಲಭುಜಕ್ಕಿಂತ ಅರ್ಧ ಇಂಚು ಇಳಿಜಾರು."

ಬರೆಯುತ್ತಿದ್ದ ನನ್ನ ಕೈ ನಿಂತಿತು. ಎಡಭುಜ ಇಳಿದಿರುವವನು ಈ ಬೀದಿಯಲ್ಲಿ ಒಬ್ಬನೇ.

"ನೀವು ಅವರ ಅಕ್ಕ ಅಂತ ಗೊತ್ತು," ಎಂದಳು. "ಅವರು ಬಗ್ಗಿ ಓದಿ ಹೇಳುವಾಗ ಕಾಲರ್ ಒಳಗೆ ನಿಮ್ಮ ಅಂಗಡಿ ಚೀಟಿ ಕಾಣುತ್ತೆ. ಅಕ್ಕನೇ ಹೊಲಿಯೋದು ಅಂತ ಅವರೇ ಹೇಳಿದ್ರು."

ಖುಷಿಪಡಬೇಕಾದ ಜಾಗದಲ್ಲಿ ನನಗೆ ರೇಗಿತು. "ನೋಡಮ್ಮ, ನನ್ನ ತಮ್ಮನ ಅಳತೆ ನನಗೆ ಹೇಳ್ಕೊಡ್ತೀಯಾ? ಅವನ ಎದೆ ಮೂವತ್ತೆಂಟು. ಅಳತೆ ಪುಸ್ತಕದಲ್ಲಿದೆ."

"ಮೂವತ್ತೆಂಟಾ? ಅದಕ್ಕೇ ಅವರ ಶರ್ಟೆಲ್ಲ ಆ ಥರ ದೊಗಳೆ."

"ದೊಗಳೆ! ನನ್ನ ಹೊಲಿಗೆ ದೊಗಳೆಯಾ?"

"ಅಳತೆ ಕೊನೇ ಸಲ ತೆಗೆದಿದ್ದು ಯಾವಾಗ ಅಕ್ಕ?"

ತಮ್ಮನ ಅಳತೆ ನಾನು ಯಾವತ್ತೂ ತೆಗೆದವಳೇ ಅಲ್ಲ. ಚಿಕ್ಕಂದಿನಿಂದ, ಬೆಳೆಯುವ ಹುಡುಗ ಎಂದು ಎರಡಿಂಚು ಮೂರಿಂಚು ಹೆಚ್ಚೇ ಇಟ್ಟು ಕತ್ತರಿಸುತ್ತಿದ್ದೆ. ಅವನು ಬೆಳೆಯುವುದು ನಿಲ್ಲಿಸಿ ಹದಿನಾಲ್ಕು ವರ್ಷವಾಗಿತ್ತು. ನನ್ನ ಕತ್ತರಿ ಮಾತ್ರ ಕಾಯುತ್ತಲೇ ಇತ್ತು.

"ಬರೀ ಕಣ್ಣಲ್ಲಿ ನೋಡಿ ಹೇಳ್ತಿದೀಯಾ ಇದನ್ನ?" ಎಂದೆ, ಸ್ವಲ್ಪ ಮೆತ್ತಗೆ.

"ಆರು ತಿಂಗಳಿಂದ ಪ್ರತಿ ಗುರುವಾರ ನೋಡ್ತಿದೀನಲ್ಲ." ಅವಳ ಮುಖ ಕೆಂಪಾಯಿತು. "ನೀವೇನೂ ಹೇಳಬೇಡಿ ಅಕ್ಕ. ಕ್ಯಾಪ್ಟನ್ ಅಂತ ಯಾರೂ ಇಲ್ಲ ಅಂತ ಅವರ ಬಾಯಲ್ಲೇ ಬರಲಿ. ಬಾಯಿ ಬಿಡಿಸೋಣ ಅಂತಲೇ ಅಷ್ಟೊಂದು ಪ್ರಶ್ನೆ ಕೇಳ್ದೆ. ಅವರು ನೋಡಿದ್ರೆ ಹಲ್ಲುನೋವಿನ ಮಧ್ಯದಿಂದ ನಮಸ್ಕಾರ ತಂದುಕೊಡ್ತಾರೆ! ಗುರುವಾರ ಬೆಳಿಗ್ಗೆ ಬಂದು ಶರ್ಟು ತಗೊಂಡುಹೋಗ್ತೀನಿ. ಅವರು ಬಂದಾಗ ಕೈಗೆ ಕೊಡ್ತೀನಿ. ಆಗಲೂ ಹೇಳದೆ ಇದ್ರೆ, ಇಷ್ಟ ಇಲ್ಲ ಅಂತ ತಿಳ್ಕೊಂಡು ಸುಮ್ಮನಾಗ್ತೀನಿ."

ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ನನ್ನಂಥವಳ ಕೈಯಲ್ಲಿ ಇಂಥ ಮಾತು ತೆಗೆದುಕೊಳ್ಳಬಾರದು, ಹೊಟ್ಟೆ ಉಬ್ಬಿಹೋಗುತ್ತದೆ. ಭಾನುವಾರ ಅವನು ಮುಖ ತೊಳೆಯುತ್ತಿದ್ದಾಗ ಹಿಂದಿನಿಂದ ಹೋಗಿ ಟೇಪು ಸುತ್ತಿದೆ. ಬೆಚ್ಚಿಬಿದ್ದು, "ಏನಕ್ಕ? ಕತ್ತು ಹಿಸುಕ್ತೀಯಾ?" ಎಂದ. ಮೂವತ್ತನಾಲ್ಕೂವರೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಎಡಭುಜ ಅರ್ಧ ಇಂಚು ಇಳಿಜಾರು. ಮುಂದಿನ ಕೋಣೆಗೆ ಹೋಗಿ ಅಳತೆ ಪುಸ್ತಕದಲ್ಲಿ ಮೂವತ್ತೆಂಟು ಹೊಡೆದುಹಾಕಿದೆ. ನಾಚಿಕೆಯಾಯಿತು ನನಗೆ.

ಸೋಮವಾರ ಮಂಗಳವಾರ ಬೇರೆ ಕೆಲಸ ಬದಿಗಿಟ್ಟು ಆ ಅಂಗಿಯೊಂದನ್ನೇ ಹೊಲಿದೆ. ಗುಂಡಿ ತೂರುವ ಕಾಜಾಗಳನ್ನು ಕೈಯಲ್ಲೇ ಹಾಕಿದೆ. ಇತ್ತ ನನ್ನ ತಮ್ಮ ದಿನಕ್ಕೊಂದು ದಿಸ್ತೆ ಕಾಗದ ಹಾಳುಮಾಡುತ್ತ ಬರೆದದ್ದೇ ಬರೆದದ್ದು. ಬುಧವಾರ ಸಂಜೆ ಕೆಲಸದಿಂದ ಬಂದವನು ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟ.

"ಮುಗೀತು. ಹಡಗು ಮುಳುಗಿಸಿದೀನಿ. ಕ್ಯಾಪ್ಟನ್ ಸತ್ತ. ನಾಳೆ ಇದನ್ನ ನೀನೇ ಹೋಗಿ ಕೊಟ್ಟು ಬಾ ಅಕ್ಕ. ನಾನಿನ್ನು ಆ ಕಡೆ ತಲೆ ಹಾಕಿ ಮಲಗೋದೂ ಇಲ್ಲ."

ನಾಳೆ ಇವನು ಹೋಗದಿದ್ದರೆ ಅವಳು ಇಷ್ಟವಿಲ್ಲವೆಂದು ತಿಳಿದುಕೊಂಡು ಬಾಗಿಲು ಮುಚ್ಚಿಬಿಡುತ್ತಾಳೆ. ಹೇಳೋಣವೆಂದರೆ ಮಾತು ಕೊಟ್ಟಿದ್ದೇನೆ. ಇನ್ನೇನು ಮಾಡಲಿ? ಅಂಗಿಯನ್ನೇ ತಂದು ಮುಂದೆ ಹಿಡಿದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಹಾಕಿಕೊಂಡರೆ ತಾನಾಗಿ ತಿಳಿಯುತ್ತದೆ ಎಂದುಕೊಂಡೆ.

"ಭುಜ ಸರಿ ಕೂತಿದೆಯಾ ನೋಡಬೇಕು. ಸ್ವಲ್ಪ ಹಾಕ್ಕೊಂಡು ನಿಲ್ಲು."

"ಅವನ ಶರ್ಟಾ? ನನಗೆ ಬೇಡ."

"ಹಾಕ್ಕೊಳ್ತೀಯೋ, ಇಲ್ಲ ನಾನೇ ತೊಡಿಸಲೋ?"

ಹಾಕಿಕೊಂಡ. ಅಬ್ಬಾ! ಇದು ನನ್ನ ತಮ್ಮನೇ? ಭುಜದ ಹೊಲಿಗೆ ಭುಜದ ಮೇಲೇ ಇತ್ತು. ತೋಳು ಮಣಿಕಟ್ಟಿಗೆ ಬಂದು ನಿಂತಿತ್ತು. ಮೂವತ್ತೆರಡು ವರ್ಷದಲ್ಲಿ ಮೊದಲ ಬಾರಿ ಅವನಿಗೊಂದು ಆಕಾರವಿತ್ತು, ಚೆಂದದ ಆಕಾರ. ಕನ್ನಡಿಯ ಮುಂದೆ ಎಳೆದು ನಿಲ್ಲಿಸಿದೆ. ಅವನು ನೋಡಿದ. ತೋಳು ಮಡಚಿ ನೋಡಿದ, ಎದೆ ಮುಟ್ಟಿ ನೋಡಿದ. ಕಣ್ಣು ದೊಡ್ಡದಾಯಿತು. ಈಗ ತಿಳಿಯಿತು, ಈಗ ತಿಳಿಯಿತು ಎಂದು ನಾನು ಉಸಿರು ಬಿಗಿಹಿಡಿದೆ.

"ಅಯ್ಯೋ ಅಕ್ಕಾ! ಏನು ಮಾಡ್ಬಿಟ್ಟೆ?" ಎಂದು ಕಿರುಚಿದ. "ಅವನ ಎದೆ ನಲವತ್ತೆಂಟು! ಇದು ನನಗೆ ಸರಿಯಾಗಿದೆಯಲ್ಲ! ಬಟ್ಟೆಯೆಲ್ಲ ಹಾಳು ಮಾಡಿದೀಯಾ!"

ನಾನು ಮಷೀನಿನ ಸ್ಟೂಲಿನ ಮೇಲೆ ಕುಸಿದೆ. ಇವನಿಗೆ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.

"ಎಡಭುಜ ನೋಡೋ," ಎಂದೆ ಅಳುದನಿಯಲ್ಲಿ. "ಅರ್ಧ ಇಂಚು ಇಳಿಸಿದೆ. ಯಾರಿಗಪ್ಪ ಎಡಭುಜ ಇಳಿದಿರೋದು?"

"ಅದೂ ತಪ್ಪಾ?" ಎಂದು ಅವನು ಇನ್ನಷ್ಟು ಗಾಬರಿಯಾದ. ಆಮೇಲೆ ನನ್ನ ಮುಖ ನೋಡಿ, ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. "ಅಳಬೇಡ ಅಕ್ಕ. ಕಣ್ಣು ಮಂಜಾಗಿರಬೇಕು ನಿನಗೆ, ಪರೀಕ್ಷೆ ಮಾಡಿಸೋಣ. ನಾಳೆ ನಾನೇ ಹೋಗಿ ಅವರಿಗೆ ಹೇಳ್ತೀನಿ. ನಿನ್ನ ಮೇಲೆ ಒಂದು ಮಾತು ಬರೋಕೆ ಬಿಡಲ್ಲ."

ತನಗಾಗಿ ಒಂದು ಹೆಜ್ಜೆ ಇಡಲಾರದವನು ನನ್ನ ತಪ್ಪಿಗಾಗಿ ಹುಲಿಯ ಗುಹೆಗೂ ಹೊರಟುನಿಂತ. ಬೈಯಬೇಕೋ ಮುದ್ದುಮಾಡಬೇಕೋ ತಿಳಿಯದೆ, "ಆ ಅಂಗಿ ಹಾಕ್ಕೊಂಡೇ ಹೋಗು. ತಪ್ಪೇನು ಅಂತ ಅವಳೂ ಕಣ್ಣಾರೆ ನೋಡಲಿ. ಬೆಳಿಗ್ಗೆ ಅವಳು ಇಲ್ಲಿಗೆ ಬರೋದ್ರೊಳಗೆ ಹೊರಡು," ಎಂದೆ.

ಗುರುವಾರ ಅವನು ಮುಂದೆ, ನಾನು ಇಪ್ಪತ್ತು ಮಾರು ಹಿಂದೆ. ಟೇಪು ಕೊರಳಲ್ಲೇ ನೇತಾಡುತ್ತಿತ್ತು. ಅವಳು ಆಗಷ್ಟೇ ಅಂಗಡಿ ತೆರೆದು, ನಮ್ಮ ಮನೆಗೆ ಹೊರಡುವ ಮೊದಲು ನಿವೃತ್ತ ಮೇಷ್ಟ್ರೊಬ್ಬರ ಕಾಗದಗಳನ್ನು ಜೆರಾಕ್ಸ್ ಮಾಡುತ್ತಿದ್ದಳು. ನನ್ನ ತಮ್ಮ ಕೌಂಟರಿನ ಮುಂದೆ ನಿಂತು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ. ನಾನು ಬಾಗಿಲ ಹೊರಗೆ, ಅವನ ಬೆನ್ನಿಗೆ ನಿಂತೆ.

"ಕ್ಷಮಿಸಿ. ಅಕ್ಕನದು ತಪ್ಪಿಲ್ಲ, ಕಣ್ಣಿನ ತೊಂದರೆ. ಈ ಶರ್ಟು ಕ್ಯಾಪ್ಟನ್‌ಗೆ ಆಗಲ್ಲ. ನೋಡಿ, ನನಗೆ ಸರಿಯಾಗಿ ಕೂತುಬಿಟ್ಟಿದೆ."

ಅವಳು ಕನ್ನಡಕ ಮೇಲೇರಿಸಿ ನೋಡಿದಳು. "ತಿರುಗಿ ನೋಡೋಣ."

ತಿರುಗಿದ. ಅಪರಾಧಿಯ ಹಾಗೆ ಎರಡೂ ಕೈ ಚಾಚಿದ.

"ಹೌದು, ಸರಿಯಾಗೇ ಕೂತಿದೆ. ಹಾಗಾದ್ರೆ ಇದು ಯಾರ ಶರ್ಟು?"

"ಕ್ಯಾಪ್ಟನ್ನದು," ಎಂದ ನನ್ನ ತಮ್ಮ, ದುಃಖದಿಂದ.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಏನ್ರೀ ನೀವು! ನಿಮ್ಮ ಮೈಗೆ ಆಗುತ್ತೆ ಅಂದ್ರೆ ನಿಮ್ಮದೇ ಕಣ್ರೀ! ಒಂದನೇ ಕ್ಲಾಸಿನ ಮಕ್ಕಳೂ ಹೇಳ್ತಾರೆ!"

"ಇಲ್ಲ ಸರ್, ನಿಮಗೆ ಗೊತ್ತಿಲ್ಲ. ಅವರು ಬೇರೆಯವರಿಗೆ ಅಂತ ಹೇಳಿ ಹೊಲಿಸಿದ್ದು."

"ಸುಳ್ಳು ಹೇಳಿ ಹೊಲಿಸಿದೆ," ಎಂದಳು ಅವಳು. ಜೆರಾಕ್ಸ್ ಮಷೀನು ಸುಮ್ಮನೆ ಹಾಳೆಯ ಮೇಲೆ ಹಾಳೆ ಉಗುಳುತ್ತಿತ್ತು. "ನಿಮಗೇ ಅಂತ ಹೊಲಿಸಿದ್ದು. ಅಳತೆ ನಾನೇ ಕಣ್ಣಲ್ಲಿ ನೋಡಿ ಕೊಟ್ಟಿದ್ದು. ಎಡಭುಜ ಸಮೇತ. ಈಗ ಹೇಳಿ, ನಿಮ್ಮ ಸ್ನೇಹಿತರ ವಿಷಯ."

ನನ್ನ ತಮ್ಮ ಹಿಂದೆ ತಿರುಗಿದ. ನಾನು ಅವನ ಕಣ್ಣಿಗೆ ಬಿದ್ದೆ. ಚಿಕ್ಕವನಿದ್ದಾಗ ಯಾರಾದರೂ ನಿನ್ನ ಹೆಸರೇನು ಮರಿ ಎಂದು ಕೇಳಿದರೂ ಹೀಗೇ ನನ್ನ ಕಡೆ ತಿರುಗುತ್ತಿದ್ದ, ನಾನೇ ಹೇಳುತ್ತಿದ್ದೆ. ಎಷ್ಟನೇ ಕ್ಲಾಸು ಎಂದರೂ ನಾನೇ, ಹಸಿವಾ ಎಂದರೂ ನಾನೇ. ಈಗಲೂ ಉತ್ತರ ನನ್ನ ನಾಲಗೆಯ ತುದಿಗೆ ಬಂದಿತ್ತು. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡೆ. ದೇವರಾಣೆ, ಅಷ್ಟು ಕಷ್ಟದ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ.

ಅವನು ಕಾದ. ನಾನು ಹೇಳಲಿಲ್ಲ. ಮತ್ತೆ ಅವಳ ಕಡೆ ತಿರುಗಿ, ಅಂಗಿಯ ಮೇಲಿನ ಗುಂಡಿಯನ್ನು ಹಿಡಿದುಕೊಂಡ.

"ಕ್ಯಾಪ್ಟನ್ ಅಂತ ಯಾರೂ ಇಲ್ಲ," ಎಂದ. "ಇರೋದು ನಾನೊಬ್ಬನೇ."

"ಒಬ್ಬರೇ ಸಾಕು ರೀ," ಎಂದಳು ಅವಳು. "ಇನ್ನೊಬ್ಬರನ್ನ ಟೈಪ್ ಮಾಡಿ ಮಾಡಿ ನನಗೆ ಕೈ ಸೋತುಹೋಗಿದೆ."

ನಾನು ಅಲ್ಲಿ ನಿಲ್ಲಲಿಲ್ಲ. ರಸ್ತೆ ದಾಟಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಗೊಳೋ ಎಂದು ಅತ್ತೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹಣ್ಣಿನವಳು ಗಾಬರಿಯಾಗಿ, "ಏನಾಯ್ತಕ್ಕ?" ಎಂದು ಕೇಳಿದಳು.

"ನನ್ನ ತಮ್ಮ ಮಾತಾಡಿದ," ಎಂದೆ.

"ಅಯ್ಯೋ, ಸಂತೋಷ ಪಡೋ ವಿಷಯ ಅಲ್ವಾ! ಎಷ್ಟು ತಿಂಗಳು ಮಗುವಿಗೆ?"

"ಮೂವತ್ತೆರಡು ವರ್ಷ."

ಅವಳು ನನ್ನನ್ನು ಒಮ್ಮೆ ನೋಡಿ, ಮೆಲ್ಲಗೆ ಬುಟ್ಟಿಯನ್ನು ಆಚೆ ಸರಿಸಿಕೊಂಡಳು.